ಮಗಳ ಮುಷ್ಟಿಗೆ ತಕ್ಕ ಗ್ಲೌಸ್



ನಿಜಾಮಾಬಾದಿನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದಿಲ್ಲಿಯಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಅವರನ್ನು ನೋಡಿ ಮಗಳು ಹಟ ಹಿಡಿದಿದ್ದಾಳೆಂದು ಗೋಕಾಕದ ತಾಯಿಯೊಬ್ಬರು ಕೇಳಿದರು: “ಆಪಾ, ಎಂತಹ ಗ್ಲೌಸ್ ಕೊಡಿಸಲಿ?” ಮೂಡಲಗಿ, ಹುಕ್ಕೇರಿಯ ತಾಯಂದಿರಿಗೂ ಉಪಯೋಗವಾಗಲೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ಲೌಸಿನ ಅಳತೆ ಔನ್ಸ್‌ನಲ್ಲಿರುತ್ತದೆ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. ಪಂಚಿಂಗ್ ಬ್ಯಾಗಿಗೆ ಗುದ್ದಿ ಅಭ್ಯಾಸ ಮಾಡುವ ಕಾಲೇಜು ಹುಡುಗಿಗೆ ಸಾಮಾನ್ಯವಾಗಿ 10 ಅಥವಾ 12 ಔನ್ಸ್ ಸಾಕು. ಮೊದಲು ಹತ್ತಿಯ ಕೈಪಟ್ಟಿ ಕೊಳ್ಳಿರಿ. ಅದನ್ನು ಸುತ್ತಿಕೊಂಡೇ ಗ್ಲೌಸ್ ಹಾಕಿ ನೋಡಲಿ. ಮುಷ್ಟಿ ಸಲೀಸಾಗಿ ಮಡಚಬೇಕು, ಮಣಿಕಟ್ಟು ಬಿಗಿಯಾಗಿ ನಿಲ್ಲಬೇಕು. ದಾರ ಕಟ್ಟುವುದಕ್ಕಿಂತ ವೆಲ್ಕ್ರೋ ಪಟ್ಟಿಯದು ಒಳ್ಳೆಯದು, ಒಬ್ಬಳೇ ಹಾಕಿಕೊಳ್ಳಬಹುದು. ಬೆವರಿದ ಗ್ಲೌಸನ್ನು ಮುಚ್ಚಿಡದೆ ಗಾಳಿಗೆ ಒಣಗಿಸಲಿ.

ಆದರೆ ಒಂದು ಮಾತು ನೆನಪಿರಲಿ. ಗ್ಲೌಸ್ ಕಾಯುವುದು ಮುಖ್ಯವಾಗಿ ಹೊಡೆಯುವವಳ ಕೈಯನ್ನು. ಅದು ಎಷ್ಟೇ ದಪ್ಪವಿದ್ದರೂ ತಲೆಗೆ ಬಿದ್ದ ಏಟಿನಿಂದ ಮೆದುಳಿಗೆ ಪೆಟ್ಟಾಗಬಹುದು. ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಸ್ಪರ್ಧೆಯಲ್ಲಿ ಮುಖಕ್ಕೆ ಏಟು ತಪ್ಪದು. ಆದುದರಿಂದಲೇ ಅನೇಕ ಉಲಮಾಗಳು ಅದನ್ನು ಒಪ್ಪುವುದಿಲ್ಲ.

ಹಾಗೆಂದು ದೇಹ ಬಲಪಡಿಸುವುದಕ್ಕೆ ದೀನ್ ಅಡ್ಡಿ ಮಾಡಿಲ್ಲ. ಗ್ಲೌಸ್ ಕೊಡಿಸುವ ದಿನವೇ ತರಬೇತುದಾರರನ್ನು ಕಂಡು, “ನಮ್ಮ ಮಗಳಿಗೆ ಬ್ಯಾಗಿನ ಅಭ್ಯಾಸ ಸಾಕು, ಮುಖಕ್ಕೆ ಹೊಡೆತ ಬೇಡ” ಎಂದು ಹೇಳಿರಿ. ಮಗಳಿಗೂ ಕಾರಣ ತಿಳಿಸಿರಿ. ಬೇಡವೆಂದು ಗದರಿಸಿ ಕೂರಿಸುವುದಕ್ಕಿಂತ ಮಿತಿ ಹೇಳಿ ಕಳಿಸುವುದು ಲೇಸು.