ಮೊದಲು ಭುಜ, ಅನಂತರ ಸ್ವರ

ಪಂಢರಪುರ, ಮಂಗಳವೇಢೆಗಳ ಸೀಮೆಯಲ್ಲಿ ಬೆಳೆದ ಸೋರೆಬುರುಡೆ ಮಿರಜಿಗೆ ಸಾಗಿ, ಅಲ್ಲಿಯ ಕುಶಲಿಗಳ ಕೈಯಲ್ಲಿ ತಂಬೂರಿಯಾಗಿ, ದೇಶದ ಶ್ರೇಷ್ಠ ಗಾಯಕರ ಬೆನ್ನ ಹಿಂದೆ ಶ್ರುತಿ ಹಿಡಿಯುತ್ತದೆ. ಮಿರಜಿನ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೆ ಆ ಬುರುಡೆ ಬೆಳೆಯುವ ಸೊಲ್ಲಾಪುರ ಜಿಲ್ಲೆಯಲ್ಲಿಯೇ, ಬೋರಾಮಣಿ, ಅಕ್ಕಲಕೋಟೆಗಳ ಸುತ್ತಲಿನ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ, ಮಕ್ಕಳು ಒಟ್ಟಾಗಿ ಕುಳಿತು ತಂತಿವಾದ್ಯ ಕಲಿಯುವ ವ್ಯವಸ್ಥೆ ಬೇರೂರಿಲ್ಲವೆಂಬುದು ವ್ಯಸನದ ಸಂಗತಿ. ಭಜನೆಯ ಏಕತಾರಿಯನ್ನೂ ತತ್ತ್ವಪದವನ್ನೂ ಕೇಳುತ್ತ ಬೆಳೆದ ಈ ಸೀಮೆಯ ಶಿಶುವಿಗೆ ಶ್ರುತಿಯ ಸಂಸ್ಕಾರ ಮನೆಯಲ್ಲಿಯೇ ಲಭಿಸಿರುತ್ತದೆ. ಶಾಲೆ ಒದಗಿಸಬೇಕಾದದ್ದು ವಾದ್ಯ, ಗುರು ಮತ್ತು ಸಮಯ.

ಗುರುವಿನ ವಿಷಯವನ್ನೇ ಹೆಚ್ಚಾಗಿ ಹೇಳಬೇಕು. ಹೊಸ ಮಕ್ಕಳ ಪಿಟೀಲು ವರ್ಗದಲ್ಲಿ ಕಿವಿಗಿಂತ ಮೊದಲು ಕಣ್ಣು ದುಡಿಯಬೇಕಾಗುತ್ತದೆ. ನಾಲ್ಕನೆಯ ಇಯತ್ತೆಯ ಹುಡುಗಿಯ ಕೈಗೆ ದೊಡ್ಡವರ ಪಿಟೀಲನ್ನಿತ್ತರೆ ಎಡತೋಳು ಚಾಚಿ, ಭುಜ ಮೇಲೆದ್ದು, ಮಣಿಕಟ್ಟು ವಾದ್ಯದ ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ಅರ್ಧ, ಮುಕ್ಕಾಲು ಅಳತೆಯ ವಾದ್ಯಗಳು ನಿರ್ಮಾಣಗೊಂಡಿವೆ. ಕಮಾನು ಹಿಡಿದ ಕೈಯ ಹೆಬ್ಬೆರಳು ಬಿಗಿದು, ಕಿರುಬೆರಳು ಕಡ್ಡಿಯಂತೆ ನೆಟ್ಟಗಾದೊಡನೆ, ಕಮಾನು ಕುದುರೆಯ ಬಳಿಯಿಂದ ಬೆರಳುಹಲಗೆಯ ಕಡೆಗೆ ಜಾರಿ ನಾದ ಸೊರಗುತ್ತದೆ. ಆಗ ‘ಸರಿಯಾಗಿ ಬಾರಿಸು’ ಎಂದು ಗದರುವುದು ಬೋಧನೆಯಲ್ಲ. ಕಮಾನನ್ನು ಕೆಳಗಿಡಿಸಿ, ಪೆನ್ಸಿಲಿನ ಮೇಲೆ ಬೆರಳುಗಳನ್ನು ಸಡಿಲವಾಗಿ ಕೂರಿಸಿ, ಕೆಲವು ವಾರ ಬಿಡಿತಂತಿಗಳನ್ನು ಮೀಟಿಸುವುದೇ ಬೋಧನೆ. ಮೇಳದಲ್ಲಿ ಹಿಂದುಳಿದ ಮಗು ಮುಂದಿನವರ ನಾದದ ಮರೆಯಲ್ಲಿ ಸುಲಭವಾಗಿ ಅಡಗುವುದರಿಂದ, ಸದಾ ಎದುರಿಗೇ ನಿಂತು ತಾಳ ಹಾಕುವ ಶಿಕ್ಷಕನಿಗೆ ಅದು ಕಾಣದು. ಅವನು ಸಾಲುಗಳ ನಡುವೆ ನಡೆಯಬೇಕು, ಬೆನ್ನ ಹಿಂದೆ ನಿಂತು ಮೊಣಕೈಯ ಚಲನೆಯನ್ನು ನೋಡಬೇಕು.

ಬಡ ಮಕ್ಕಳಿಗೆ ಇದು ದಕ್ಕದೆಂಬ ವಾದವನ್ನು ನಾನು ಒಪ್ಪಲಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ಅನಂತರ ಪಿಟೀಲೂ ಸೇರಿ ಹಲವು ವಾದ್ಯಗಳನ್ನು ಬಲ್ಲ ಪುಟ್ಟರಾಜ ಗವಾಯಿಗಳೂ (1914–2010), ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನದೊಂದಿಗೆ ವಿದ್ಯೆಯನ್ನಿತ್ತು, ಕಣ್ಣಿಲ್ಲದವರೂ ಸ್ಪರ್ಶ, ಶ್ರವಣಗಳಿಂದ ವಾದ್ಯವನ್ನು ವಶಪಡಿಸಿಕೊಳ್ಳಬಲ್ಲರೆಂದು ತೋರಿಸಿದರು. ಮಾತೃಭಾಷೆಯಂತೆ ಸಂಗೀತವನ್ನೂ ಕೇಳಿ ಕೇಳಿಯೇ ಕಲಿಯಬಹುದೆಂದು ನಂಬಿದ ಜಪಾನಿನ ಶಿನಿಚಿ ಸುಜುಕಿಯವರ ಪದ್ಧತಿಯಲ್ಲಿ ಕಲಿತ ಸಾವಿರಕ್ಕೂ ಮಿಕ್ಕ ಮಕ್ಕಳು 1955ರಲ್ಲಿ ಟೋಕಿಯೋದಲ್ಲಿ ಒಟ್ಟಾಗಿ ಪಿಟೀಲು ನುಡಿಸಿದರು. ಎರಡೂ ಕಡೆ ಫಲ ಕೊಟ್ಟದ್ದು ಗುರುವಿನ ನಿತ್ಯಸಾನ್ನಿಧ್ಯವೇ ಹೊರತು ವಾರ್ಷಿಕ ಸ್ನೇಹಸಮ್ಮೇಳನದ ಮುಂಚಿನ ಅವಸರದ ತಾಲೀಮಲ್ಲ.

ಆದುದರಿಂದ ಜಿಲ್ಲಾ ಪರಿಷತ್ತು ನೆರೆಹೊರೆಯ ನಾಲ್ಕಾರು ಶಾಲೆಗಳಿಗೆ ಒಬ್ಬ ಸಂಗೀತ ಶಿಕ್ಷಕನನ್ನಾದರೂ ನೇಮಿಸಿ, ಒಂದೇ ವಾದ್ಯಸಮೂಹವನ್ನು ಸರದಿಯಂತೆ ಆ ಶಾಲೆಗಳಿಗೆ ಒದಗಿಸಬೇಕು. ಇಪ್ಪತ್ತು ಪಿಟೀಲುಗಳೆಂದರೆ ಎಂಬತ್ತು ತಂತಿ. ಬಿರಡೆ ತಿರುವಿ ಅವನ್ನೆಲ್ಲ ಶ್ರುತಿಗೂಡಿಸುವಷ್ಟರಲ್ಲಿ ಒಂದು ತಾಸಿಕೆ ಕಳೆದೇ ಹೋಗುವುದರಿಂದ, ಆ ಕೆಲಸಕ್ಕೆ ವರ್ಗದ ಮುಂಚೆಯೇ ಬಿಡುವನ್ನು ವೇಳಾಪತ್ರಿಕೆಯಲ್ಲಿ ಬರೆದುಕೊಡಬೇಕು.