ಮಸಿಯ ಮಲೆಗಳು

ಮುಗಿಲನ್ನು ಮುಟ್ಟುವ ಕಟ್ಟಡಗಳ ನಡುವೆ ಬಾಳುತ್ತ, ಕಲ್ಲಿನ ಮೇಲೆ ಮಸಿಯನ್ನು ತೇಯ್ದು ಬೆಟ್ಟಗಳನ್ನೂ ಜಲಪಾತಗಳನ್ನೂ ಬರೆಯುವುದು ಹಳೆಯದರ ಪುನರಾವೃತ್ತಿಯಲ್ಲವೆ? ದಕ್ಷಿಣ ಕೊರಿಯಾದ ಇಂದಿನ ಮಸಿಚಿತ್ರಗಳನ್ನು ಕುರಿತು ಹೀಗೆ ಕೇಳುವವರುಂಟು. ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಈ ಕಲೆಯ ಚರಿತ್ರೆಯನ್ನು ಬಲ್ಲವರು ಅಷ್ಟು ಬೇಗ ತೀರ್ಪು ಕೊಡಲಾರರು.

ಬಹುಕಾಲ ಅಲ್ಲಿನ ಚಿತ್ರಕಾರರಲ್ಲಿ ಅನೇಕರು ಚೀನದ ಚಿತ್ರಗಳನ್ನು ನೋಡಿ, ತಾವೆಂದೂ ಕಾಣದ ಬೆಟ್ಟಗಳನ್ನು ಬರೆಯುತ್ತಿದ್ದರು. ಚೊಂಗ್ ಸೊನ್ (1676-1759) ಎಂಬ ಕಲಾವಿದನು ತನ್ನ ನಾಡಿನ ಮಲೆಗಳನ್ನೇ ಕಣ್ಣಾರೆ ಕಂಡು ಬರೆದನು. ಈ ಬಗೆಗೆ 'ನಿಜದೃಶ್ಯ'ವೆಂದು ಹೆಸರಾಯಿತು. 1751ರಲ್ಲಿ, ಎಪ್ಪತ್ತೈದರ ಮುಪ್ಪಿನಲ್ಲಿ, ಸೋಲ್ ನಗರದ ಇನ್ವಾಂಗ್ ಬೆಟ್ಟವನ್ನು ಮಳೆ ನಿಂತ ಮೇಲೆ ಕಂಡಂತೆ ಚಿತ್ರಿಸಿದನು. ಆ ಬೆಟ್ಟದ ಬಂಡೆಗಳು ನಿಜವಾಗಿ ಬಿಳುಪು, ಚಿತ್ರದಲ್ಲಿ ಕಡುಗಪ್ಪು. ತೊಯ್ದ ಕುಂಚವನ್ನು ಮೇಲಿಂದ ಮೇಲೆ ಎಳೆದು ಆತನು ಬಂಡೆಯ ಭಾರವನ್ನೇ ಕಾಗದಕ್ಕೆ ಇಳಿಸಿದ್ದಾನೆ. ಬುಡದ ಮಂಜಿಗಾದರೋ ಮಸಿಯನ್ನೇ ಸೋಕಿಸಿಲ್ಲ. ಬರಿಯ ಕಾಗದವೇ ಅಲ್ಲಿ ಮಂಜಾಗಿದೆ. ಛಾಯಾಚಿತ್ರವು ಬಣ್ಣವನ್ನು ಸರಿಯಾಗಿ ಹೇಳೀತು, ಈ ತೂಕವನ್ನು ಹೇಳಲಾರದು.

ಈ ಪರಂಪರೆಯನ್ನು ನಮ್ಮ ಕಾಲದಲ್ಲಿ ಮುಂದುವರಿಸಿದವರಲ್ಲಿ ಪಾಕ್ ಡೇಸುಂಗ್ ಪ್ರಮುಖರು. 1945ರಲ್ಲಿ ಹುಟ್ಟಿದ ಅವರು ಕೊರಿಯಾ ಯುದ್ಧದ ಕಾಲದಲ್ಲಿ, ಇನ್ನೂ ಎಳೆಯ ಬಾಲಕನಾಗಿದ್ದಾಗಲೇ, ತಂದೆತಾಯಿಗಳನ್ನೂ ಎಡಗೈಯನ್ನೂ ಕಳೆದುಕೊಂಡರು. ಕಲಾಶಾಲೆಯ ಮೆಟ್ಟಿಲನ್ನು ಹತ್ತದೆ, ಉಳಿದೊಂದು ಕೈಯಿಂದ ಗೋಡೆಯಷ್ಟು ಹಿರಿದಾದ ಚಿತ್ರಗಳನ್ನು ಬರೆದರು. ಅವರ ಬೆಟ್ಟಗಳು ಬಾಗುತ್ತವೆ, ತಿರುಗುತ್ತವೆ. ಹಕ್ಕಿಯ ಕಣ್ಣಿಗೂ ಕಣಿವೆಯಲ್ಲಿ ನಿಂತವನ ಕಣ್ಣಿಗೂ ಒಮ್ಮೆಗೇ ಕಂಡಂತಿರುತ್ತವೆ. ಅವರು ದಾನವಿತ್ತ ಕೃತಿಗಳಿಗೆ ಗ್ಯೋಂಗ್ಜು ಪಟ್ಟಣದಲ್ಲಿ 2015ರಲ್ಲಿ ತೆರೆದ ಸೊಲ್ಗೊ ಕಲಾಸಂಗ್ರಹಾಲಯವು ಮನೆಯಾಗಿದೆ. ಇದನ್ನು ಪುನರಾವೃತ್ತಿಯೆಂದು ಕರೆಯುವವರು ಚಿತ್ರವನ್ನು ನೋಡಿಲ್ಲ, ಮಸಿಯನ್ನು ಮಾತ್ರ ನೋಡಿದ್ದಾರೆ.

ಆಕ್ಷೇಪಣೆ ನಿಜವಾಗಿ ನಾಟುವುದು ಬೇರೊಂದೆಡೆಯಲ್ಲಿ. ಚೊಂಗ್ ಸೊನ್ ಮತ್ತೆ ಮತ್ತೆ ಬರೆದ ಗುಮ್‌ಗಾಂಗ್ ಪರ್ವತವು ಇಂದು ಉತ್ತರ ಕೊರಿಯಾದಲ್ಲಿದೆ. 1998ರಲ್ಲಿ ದಕ್ಷಿಣದವರಿಗೆ ತೆರೆದ ಪ್ರವಾಸದ ದಾರಿ 2008ರಲ್ಲಿ ಮುಚ್ಚಿಹೋಯಿತು. ಆಮೇಲೆ ಕುಂಚ ಹಿಡಿದ ತರುಣರು ಅದನ್ನು ಬರೆಯಬೇಕಾದರೆ ಹಳೆಯ ಚಿತ್ರಗಳನ್ನೇ ನೋಡಬೇಕು. ಕಾಣದ ಬೆಟ್ಟವನ್ನು ಬರೆಯುವ ಕಾಲ ಮರಳಿ ಬಂದಿದೆ. ಈ ಸಲ ಬೆಟ್ಟ ಮಾತ್ರ ತಮ್ಮದೇ. ಅವರು ಹಂಬಲದಿಂದ ಅದನ್ನೇ ಬರೆಯುವುದು ಸಹಜ. ಆದರೂ ಕಟ್ಟಡಗಳ ಸಾಲಿನಾಚೆ ಇನ್ವಾಂಗ್ ಇಂದಿಗೂ ಕಾಣುತ್ತದೆ. ಮಳೆ ನಿಂತ ದಿನ ಆ ತರುಣರು ಕಾಗದವನ್ನು ಹಿಡಿದು ಅತ್ತ ಹೊರಡುವುದು ಲೇಸು; ಅಡ್ಡ ನಿಂತ ಕಟ್ಟಡಗಳೂ ಚಿತ್ರದಲ್ಲಿ ಬರಲಿ.