ಅಂಕದ ಪಕ್ಕದಲ್ಲಿ ಒಂದು ಸಾಲು ಬೇಕು

ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತು ಕಾಲೇಜಿಗೆ ಸೇರುವ ಮಕ್ಕಳಿಗೆ ಮೊದಲ ಸೆಮಿಸ್ಟರ್ ಒಂದು ಅಗ್ನಿಪರೀಕ್ಷೆಯೇ ಸರಿ. ಪಾಠ ಇಂಗ್ಲಿಷಿನಲ್ಲಿ. ಸಹಪಾಠಿಗಳ ಮಾತು ಕಾಸರಗೋಡಿನಲ್ಲಾದರೆ ಮಲಯಾಳ, ಹೊಸೂರಿನಲ್ಲಾದರೆ ತಮಿಳು, ಸೊಲ್ಲಾಪುರದಲ್ಲಾದರೆ ಮರಾಠಿ. ಶಾಲೆಯಲ್ಲಿ ಮುಂದಿದ್ದ ಮಗುವೂ ಮೊದಲ ಪರೀಕ್ಷೆಯಲ್ಲಿ ಹಿಂದೆ ಬೀಳುವುದುಂಟು. ಆಗ ಮನೆಯಲ್ಲಿ ಹೊರಡುವ ಮಾತು ಒಂದೇ: "ಕನ್ನಡ ಮಾಧ್ಯಮದಲ್ಲಿ ಓದಿಸಿದ್ದೇ ತಪ್ಪಾಯಿತು." ಮುಂದಿನ ಜೂನ್‌ನಲ್ಲಿ ಆ ಮನೆಯ ಕಿರಿಯ ಮಗು ಬೇರೆ ಶಾಲೆಗೆ ಸೇರುತ್ತದೆ. ಹೀಗೆ ಮಕ್ಕಳ ಸಂಖ್ಯೆ ಇಳಿದರೆ ಅಧ್ಯಾಪಕ ಹುದ್ದೆಗಳೂ ಇಳಿಯುತ್ತವೆ.

ಸೋತ ಮಗು ಎದ್ದು ನಿಲ್ಲುವುದಕ್ಕೆ ಬರಿಯ ಧೈರ್ಯದ ಮಾತು ಸಾಲದು. ಎಲ್ಲಿ ತಪ್ಪಿತು, ಅದನ್ನು ತಿದ್ದಿಕೊಳ್ಳುವುದು ಹೇಗೆ ಎಂದು ಅಧ್ಯಾಪಕರು ಉತ್ತರಪತ್ರಿಕೆಯಲ್ಲೇ ಬರೆದು ತಿಳಿಸಬೇಕು. ಒಂದು ಉದಾಹರಣೆ ನೋಡಿ. ದ್ರವ್ಯರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲ ವಿದ್ಯಾರ್ಥಿ, ಇಂಗ್ಲಿಷ್ ಉತ್ತರದಲ್ಲಿ 'ಮಾಸ್' ಎನ್ನಬೇಕಾದ ಕಡೆ 'ವೇಯ್ಟ್' ಎಂದು ಬರೆಯುತ್ತಾನೆ. ಅದಕ್ಕೆ ಕೆಂಪು ಗೀಟು ಮಾತ್ರ ಬಿದ್ದರೆ ತನಗೆ ಭೌತಶಾಸ್ತ್ರವೇ ತಲೆಗೆ ಹತ್ತದು ಎಂದುಕೊಳ್ಳುತ್ತಾನೆ. "ಲೆಕ್ಕ ಸರಿ, ಕಿಲೋಗ್ರಾಂ ಸರಿ, ಪದ ಮಾತ್ರ ತಪ್ಪು" ಎಂಬ ಸಾಲಿದ್ದರೆ ತಪ್ಪಿದ್ದು ಪದ, ವಿಷಯವಲ್ಲ ಎಂಬುದು ತಿಳಿಯುತ್ತದೆ. ಪದವನ್ನು ಒಂದು ದಿನದಲ್ಲಿ ಕಲಿಯಬಹುದು.

ಅಲ್ಪಸಂಖ್ಯಾತ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. ಅಧ್ಯಾಪಕರು ಟೀಕಿಸಿದರೆ "ನಾನು ಕನ್ನಡದವನೆಂದು ಹೀಗೆ ಮಾಡಿದರೇ?" ಎಂಬ ಸಂಶಯ ಮೂಡುತ್ತದೆ. ಇಂಥದೇ ಸಂಶಯವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಪ್ಪು ಜನಾಂಗದ ವಿದ್ಯಾರ್ಥಿಗಳಲ್ಲಿ ಕೋಹೆನ್, ಸ್ಟೀಲ್, ರಾಸ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಬರಿಯ ಟೀಕೆ ಪಡೆದವರಿಗೆ ಅದರಲ್ಲಿ ಪಕ್ಷಪಾತ ಕಂಡಿತು, ಉತ್ಸಾಹವೂ ಕುಗ್ಗಿತು. ಅದೇ ಟೀಕೆಯ ಜೊತೆಗೆ "ಇಲ್ಲಿನ ಮಟ್ಟ ಎತ್ತರದ್ದು, ಅದನ್ನು ಮುಟ್ಟುವ ಶಕ್ತಿ ನಿನಗಿದೆ" ಎಂಬ ಭರವಸೆ ಸೇರಿದಾಗ ಅವರು ಬರಹವನ್ನು ತಿದ್ದಿ ಬರೆಯಲು ಮುಂದಾದರು. ಟೀಕೆಯನ್ನು ಮೆದುಗೊಳಿಸಿರಲಿಲ್ಲ, ಮಟ್ಟವನ್ನು ಇಳಿಸಿರಲಿಲ್ಲ ಎಂಬುದನ್ನು ಗಮನಿಸಬೇಕು. ಹುಸಿ ಹೊಗಳಿಕೆ ನಮ್ಮ ಮಕ್ಕಳಿಗೂ ಬೇಡ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತು. ಕಾಲೇಜಿನ ಬಾಗಿಲಲ್ಲಿ ಅದರ ಆಸರೆ ಇಲ್ಲ. ಅಲ್ಲಿ ಮಗುವನ್ನು ದಾಟಿಸಬೇಕಾದವರು ಅಧ್ಯಾಪಕರು ಮತ್ತು ತಾವು.

ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮಗ ಅಥವಾ ಮಗಳು ಪರೀಕ್ಷೆ ಮುಗಿಸಿ ಬಂದಾಗ ಎಷ್ಟು ಅಂಕ ಬಂತೆಂದು ಕೇಳಿ ನಿಲ್ಲಿಸಬೇಡಿ. ಅಧ್ಯಾಪಕರು ಏನು ಬರೆದಿದ್ದಾರೆ ಎಂದೂ ಕೇಳಿ. ಏನೂ ಬರೆದಿಲ್ಲವಾದರೆ ಉತ್ತರಪತ್ರಿಕೆ ಹಿಡಿದು ಅವರ ಬಳಿ ಹೋಗಿ "ಮುಂದಿನ ಸಲ ನಾನು ಯಾವುದನ್ನು ತಿದ್ದಿಕೊಳ್ಳಬೇಕು?" ಎಂದು ಕೇಳಿ ಬರಲು ಹೇಳಿ. ಹಾಗೆ ಕೇಳುವುದು ಅವಿಧೇಯತೆಯಲ್ಲ, ವಿದ್ಯಾರ್ಥಿಯ ಹಕ್ಕು. ನಮ್ಮ ಪ್ರೌಢಶಾಲೆಗಳಲ್ಲೇ ಈ ಪರಿಪಾಠ ಆರಂಭವಾಗಲಿ ಎಂದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒತ್ತಾಯಿಸಿ. ಅಧ್ಯಾಪಕರಾದ ನಮಗೂ ಅದರಿಂದ ಎಚ್ಚರ ಮೂಡುತ್ತದೆ.

ಮೊದಲ ಸೆಮಿಸ್ಟರಿನ ಅಂಕ ನೋಡಿ ಕನ್ನಡ ಮಾಧ್ಯಮಕ್ಕೆ ತೀರ್ಪು ಕೊಡುವ ಮೊದಲು ಆ ಉತ್ತರಪತ್ರಿಕೆಯನ್ನು ಮಗುವಿನೊಡನೆ ಕುಳಿತು ಒಮ್ಮೆ ಪೂರ್ತಿ ನೋಡಿ.